ಎಂಜಲು ಚೆಂಡು

ಸಜ್ಜನ ಕ್ರಿಕೆಟ್ ಕ್ಲಬ್ಬಿನವರಿಗೆ ಚೆಲುವರಾಜುವಿನ ಕೈ ಬೇಕಿತ್ತು, ಬಾಯಿ ಬೇಕಿರಲಿಲ್ಲ. ಇಷ್ಟೇ ಕತೆ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಆ ದೊಡ್ಡ ಮನುಷ್ಯರ ಮರ್ಯಾದೆ ಉಳಿದುಬಿಡುತ್ತದೆ. ಅದಕ್ಕೇ ಪೂರ್ತಿ ಹೇಳಬೇಕು.

ಚೆಲುವರಾಜು ವರುಣದ ಕಡೆಯ ಒಕ್ಕಲು ಮನೆಯವನು. ಸ್ವಾತಂತ್ರ್ಯ ಬಂದ ಮಾರನೇ ವರ್ಷ ಮೈಸೂರಿಗೆ ಬಂದು, ಆಟದ ಮೈದಾನದಲ್ಲಿ ಮ್ಯಾಟು ಹಾಸುವ ಕೂಲಿ ಹಿಡಿದ. ಆಗ ನಮ್ಮೂರಲ್ಲಿ ಹುಲ್ಲಿನ ಪಿಚ್ಚು ಎಲ್ಲಿತ್ತು? ಗಟ್ಟಿ ನೆಲದ ಮೇಲೆ ತೆಂಗಿನ ನಾರಿನ ಉದ್ದನೆಯ ಚಾಪೆ ಎಳೆದು, ಸುತ್ತ ಮೊಳೆ ಹೊಡೆದು, ಅದರ ಮೇಲೆ ಆಡುತ್ತಿದ್ದರು. ಒಂದು ಸಂಜೆ ಕ್ಲಬ್ಬಿನ ಕ್ಯಾಪ್ಟನ್ ಬಿಂದುಮಾಧವನಿಗೆ ಅಭ್ಯಾಸಕ್ಕೆ ಚೆಂಡು ಹಾಕುವವರು ಯಾರೂ ಸಿಗಲಿಲ್ಲ. ಅವನು ಬ್ಯಾಟು ಹಿಡಿದು ಆಕಳಿಸುತ್ತ ನಿಂತಿದ್ದವನು, ಮೊಳೆ ಕೀಳುತ್ತಿದ್ದ ಚೆಲುವರಾಜುವನ್ನು ನೋಡಿ, "ಏನಯ್ಯ, ನೀನೇ ನಾಲ್ಕು ಹಾಕು" ಅಂದ. ಚೆಲುವರಾಜು ಹಾಕಿದ. ವಿಕೆಟ್ಟಿನ ಗೂಟಗಳು ಬಿದ್ದವು. ಎತ್ತಿ ನಿಲ್ಲಿಸಿದರು, ಮತ್ತೆ ಬಿದ್ದವು. ಆಮೇಲೆ ಬಿಂದುಮಾಧವ ಆಕಳಿಸಲಿಲ್ಲ.

ಬಿಂದುಮಾಧವ ಅಗ್ರಹಾರದವನು, ವಕೀಲ. ಅವನ ಸೋದರಮಾವ ಕೃಷ್ಣಸ್ವಾಮಿಯವರು ಅರಮನೆಯ ಕಚೇರಿಯಲ್ಲಿದ್ದು ನಿವೃತ್ತರಾದವರು, ಕ್ಲಬ್ಬಿನ ಅಧ್ಯಕ್ಷರು, ಮೇಲಾಗಿ ಒಂದು ಅಚ್ಚುಕೂಟದ ಯಜಮಾನರು. ಮಾವ ಅಳಿಯ ಮಾತಾಡಿಕೊಂಡು ಚೆಲುವರಾಜುವಿಗೆ ಅಚ್ಚುಕೂಟದಲ್ಲಿ ಕೆಲಸ ಕೊಟ್ಟರು. ವಾರವೆಲ್ಲ ಕಾಗದದ ಹೊರೆ ಹೊರಬೇಕು, ಭಾನುವಾರ ಕ್ಲಬ್ಬಿಗೆ ಬೌಲ್ ಮಾಡಬೇಕು. ಹೆಸರಿಗೆ ಹೊರೆಯಾಳು, ಸಂಬಳ ಬೌಲಿಂಗಿಗೆ. ಎಲ್ಲರಿಗೂ ಗೊತ್ತಿದ್ದ ವಿಷಯ ಇದು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದುಡ್ಡಿಗೆ ಆಡುವವನನ್ನು ಇಟ್ಟುಕೊಂಡಿದ್ದೇವೆ ಅಂದರೆ ಸಜ್ಜನರಿಗೆ ಅವಮಾನ ನೋಡಿ.

ಚೆಲುವರಾಜು ಒಂಟಿಕೊಪ್ಪಲಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಊರಿನಿಂದ ಹೆಂಡತಿ ದೇವಿರಮ್ಮನನ್ನು ಕರೆಸಿಕೊಂಡ. ಇಲ್ಲಿಗೆ ಎಲ್ಲ ಸರಿಯಾಗಿಯೇ ಇತ್ತು. ಹೇಸಿಗೆ ಶುರುವಾದದ್ದು ಮೊದಲನೇ ಭಾನುವಾರ.

ಚೆಂಡು ಗಾಳಿಯಲ್ಲಿ ತಿರುಗಬೇಕಾದರೆ ಅದರ ಒಂದು ಮಗ್ಗುಲು ಮಿರಮಿರ ಮಿಂಚುತ್ತಿರಬೇಕು, ಇನ್ನೊಂದು ಮಗ್ಗುಲು ಒರಟಾಗಿರಬೇಕು. ನಾರಿನ ಚಾಪೆಗೆ ಉಜ್ಜಿ ಉಜ್ಜಿ ಚೆಂಡು ಬೇಗ ಮಂಕಾಗುತ್ತದೆ. ಆಗ ಬೌಲರ್ ಅನ್ನಿಸಿಕೊಂಡವನು ಒಂದು ಮಗ್ಗುಲಿಗೆ ಉಗುಳು ಹಚ್ಚಿ ತೊಡೆಗೆ ತಿಕ್ಕುತ್ತಾನೆ. ಬಿಳಿ ದೊರೆಗಳೇ ಕಲಿಸಿಹೋದ ವಿದ್ಯೆ ಅದು, ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಚೆಲುವರಾಜು ಕೂಡ ಚೆಂಡನ್ನು ಬಾಯಿಗೆ ತಂದ, ನಾಲಗೆ ಸವರಿದ, ತಿಕ್ಕಿದ. ಹಾಕಿದ ಚೆಂಡು ಹೊರಗೆ ಹೋಗುವ ಹಾಗೆ ಕಂಡು ಸರಕ್ಕನೆ ಒಳಗೆ ಬಂದು ಗೂಟ ಕಿತ್ತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ವಿಕೆಟ್ ಕೀಪಿಂಗ್ ಮಾಡುತ್ತಿದ್ದ ಬಿಂದುಮಾಧವ ಬಿದ್ದಿದ್ದ ಚೆಂಡನ್ನೇ ದಿಟ್ಟಿಸುತ್ತ ನಿಂತಿದ್ದ.

"ಎಂಜಲು ಮಾಡ್ಬಿಟ್ಯಲ್ಲಯ್ಯ" ಅಂದ.

ಯಾವುದನ್ನು ಎಂಜಲು ಮಾಡಿದ್ದು? ದನದ ಚರ್ಮವನ್ನು. ಸತ್ತ ದನದ ಚರ್ಮ ಸುಲಿದು, ಹದ ಮಾಡಿ, ಬಣ್ಣ ಬಳಿದು, ಹೊಲಿದ ಚೆಂಡು. ಇವರೆಲ್ಲ ಅದನ್ನು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಆಟ ಶುರುಮಾಡುತ್ತಿದ್ದರು. ಅದರಿಂದ ಮೈಲಿಗೆಯಾಗಲಿಲ್ಲ. ಚೆಲುವರಾಜುವಿನ ಉಗುಳಿನಿಂದ ಆಗಿಹೋಯಿತು. ಈ ಬುದ್ಧಿವಂತಿಕೆಗೆ ಏನು ಹೇಳುವುದು.

ಆವತ್ತಿನಿಂದ ಕಟ್ಟಳೆಗಳು ಹುಟ್ಟಿಕೊಂಡವು. ಗ್ಲೌಸು ಹಾಕಿದ ಕೀಪರಿಗೆ ದೋಷವಿಲ್ಲ ಅಂತ ಆಯಿತು. ಉಳಿದವರು ಚೆಂಡು ಹಿಡಿದ ಮೇಲೆ ಹುಲ್ಲಿಗೆ ಕೈ ಒರೆಸಿಕೊಳ್ಳಬೇಕು, ಆಟ ಮುಗಿದ ಕೂಡಲೇ ಕೊಳಾಯಿಗೆ ಓಡಬೇಕು. ಚೆಲುವರಾಜುವಿನ ಕೈಗೆ ಯಾರೂ ಚೆಂಡು ಕೊಡುವಂತಿಲ್ಲ, ನೆಲದ ಮೇಲೆ ಉರುಳಿಸಬೇಕು. ಅವನು ಬಗ್ಗಿ ಎತ್ತಿಕೊಳ್ಳಬೇಕು. ಆಮೇಲೆ ಅದೂ ಸಾಲದೆ, ಉಗುಳೇ ಬೇಡವೆಂದು ಸೊಂಟಕ್ಕೆ ಒದ್ದೆ ಬಟ್ಟೆಯ ಚೂರೊಂದನ್ನು ಕಟ್ಟಿಕೊಟ್ಟರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಚೆಂಡು ನೆನೆಯುತ್ತದೆಯೇ ಹೊರತು ಹೊಳೆಯುವುದಿಲ್ಲ. ಹುಲಿಗಳ ಹಾಗೆ ಮೆರೆಯುತ್ತಿದ್ದ ಕ್ಲಬ್ಬು ಒಂದಾದ ಮೇಲೊಂದು ಆಟ ಸೋತಿತು. ಸೋತು ಮುಖ ಸಣ್ಣಗೆ ಮಾಡಿಕೊಂಡು ಬಂದ ಬಿಂದುಮಾಧವ ಚೆಲುವರಾಜುವನ್ನು ಪಕ್ಕಕ್ಕೆ ಕರೆದ.

"ನೋಡಯ್ಯ, ಸ್ವಲ್ಪ ಹಚ್ಕೊ. ಆದರೆ ಆ ಕಡೆ ತಿರುಗ್ಕೊಂಡು ಹಚ್ಕೊ. ನಮ್ಮ ಕಣ್ಣಿಗೆ ಬೀಳ್ಬಾರದು, ಅಷ್ಟೆ."

ಕಣ್ಣಿಗೆ ಬೀಳದಿದ್ದರೆ ಎಂಜಲು ಎಂಜಲಲ್ಲ. ಗೆದ್ದರಂತೂ ಅದು ತೀರ್ಥವೇ. ಚೆಲುವರಾಜು ಬೆನ್ನು ತಿರುಗಿಸಿ ನೆಕ್ಕುವುದನ್ನು ರೂಢಿಮಾಡಿಕೊಂಡ. ಕ್ಲಬ್ಬು ಮತ್ತೆ ಗೆಲ್ಲತೊಡಗಿತು. ಗೆದ್ದ ದಿನ ಸಂಜೆ ಚೆಂಡನ್ನು ಕೃಷ್ಣಸ್ವಾಮಿಯವರ ಹಜಾರದ ಬೀರುವಿನಲ್ಲಿ ಇಡುತ್ತಿದ್ದರು. ಇಡುವ ಮುಂಚೆ ಕೃಷ್ಣಸ್ವಾಮಿಯವರು ಹಿತ್ತಲ ಹಸುವಿನ ಗೋಮೂತ್ರವನ್ನು ದರ್ಭೆಯಿಂದ ಅದರ ಮೇಲೆ ಪ್ರೋಕ್ಷಿಸುತ್ತಿದ್ದರು. ಒಂದೆರಡು ಹನಿ. ಮುಂದಿನ ಭಾನುವಾರದೊಳಗೆ ಒಣಗಿ ಹೋಗುವಷ್ಟು.

ಇದೆಲ್ಲ ಚೆಲುವರಾಜುವಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ. ಅವನೇನು ದೊಡ್ಡ ನ್ಯಾಯವಂತನೂ ಅಲ್ಲ, ಹೇಳಿಬಿಡುತ್ತೇನೆ. ಚೆಂಡಿನ ಹೊಲಿಗೆ ಬಿಚ್ಚಿದಾಗ ಚರ್ಮದ ಕೆಲಸದವನ ಮುಂದೆ ಅದನ್ನು ದೂರದಿಂದ ಎಸೆದು, ಅವನು ಹೊಲಿದು ಕೆಳಗಿಟ್ಟ ಮೇಲೆ ಎತ್ತಿಕೊಂಡು ಬರುತ್ತಿದ್ದವನು ಇವನೇ. ತನಗೆ ಉರುಳಿಸಿದಾಗ ಉರಿಯುತ್ತಿತ್ತು, ತಾನು ಎಸೆಯುವಾಗ ಏನೂ ಅನ್ನಿಸುತ್ತಿರಲಿಲ್ಲ.

ಸುಮ್ಮನಿದ್ದದ್ದಕ್ಕೆ ಕಾರಣ ಒಂದೇ. ಮೈಸೂರು ರಾಜ್ಯದ ತಂಡದಲ್ಲಿ ಆಡಬೇಕು ಅನ್ನುವ ಆಸೆ ಅವನ ಎದೆಯೊಳಗೆ ಬೇರುಬಿಟ್ಟಿತ್ತು. ರಾಜ್ಯದ ತಂಡಕ್ಕೆ ಎಲ್ಲೆಲ್ಲಿಂದಲೋ ಬಂದವರು ಸೇರುತ್ತಾರೆ. ಅಲ್ಲಿ ಬೌಲರ್ ಅಂದರೆ ಬೌಲರ್, ಯಾರ ಮನೆಯ ಹೊರೆಯಾಳೂ ಅಲ್ಲ. ಅಲ್ಲಿ ಚೆಂಡನ್ನು ಕೈಗೆ ಕೊಡುತ್ತಾರೆ ಅಂತ ಯಾರೋ ಅವನಿಗೆ ಹೇಳಿದ್ದರು. ಆಯ್ಕೆಯವರ ಜೊತೆ ಕೃಷ್ಣಸ್ವಾಮಿಯವರಿಗೆ ಒಡನಾಟವಿತ್ತು. "ಆಗಲಿ, ಈ ಸಲ ನಿನ್ನ ವಿಷಯ ಹೇಳೋಣ" ಅಂತ ಅವರು ಪ್ರತಿ ವರ್ಷವೂ ಹೇಳುತ್ತಿದ್ದರು.

"ಆ ತಂಡದ ಟೋಪಿ ಇಕ್ಕಂಡ್ರೆ ನಿಮ್ ತಲೆ ದಪ್ಪ ಆಯ್ತದೆ, ಅಷ್ಟೇಯ" ಅಂತ ದೇವಿರಮ್ಮ ಕೀಟಲೆ ಮಾಡುತ್ತಿದ್ದಳು. ಭಾನುವಾರದ ಪ್ಯಾಂಟಿನ ತೊಡೆಯ ಮೇಲೆ ಚೆಂಡು ತಿಕ್ಕಿ ತಿಕ್ಕಿ ಆದ ಕೆಂಪು ಕಲೆಯನ್ನು ಸೋಮವಾರ ಸೀಗೆಪುಡಿ ಹಾಕಿ ಉಜ್ಜುವವಳು ಅವಳೇ. ಕಲೆ ಎಂದೂ ಪೂರ್ತಿ ಹೋಗುತ್ತಿರಲಿಲ್ಲ. ಅವಳ ಬೈಗುಳವೂ ಹಾಗೆಯೇ.

"ಒಂದ್ಸಲ ಆಡ್ಬುಟ್ರೆ ಸಾಕು ಕಣೆ" ಅನ್ನುತ್ತಿದ್ದ ಚೆಲುವರಾಜು.

ಐವತ್ತಮೂರರ ಚಳಿಗಾಲದಲ್ಲಿ ಕಾಲ ಕೂಡಿಬಂತು. ರಾಜ್ಯದ ತಂಡಕ್ಕೆ ಆಟಗಾರರನ್ನು ಆರಿಸುವ ಪಂದ್ಯ ಮೈಸೂರಿನಲ್ಲೇ ನಡೆಯಿತು. ಒಂದು ಕಡೆ ಬೆಂಗಳೂರಿನವರು, ಇನ್ನೊಂದು ಕಡೆ ಊರಿನ ತಂಡ ಅಂತ ಹೆಸರಿಟ್ಟುಕೊಂಡ ಸಜ್ಜನ ಕ್ಲಬ್ಬು. ಶಾಮಿಯಾನದ ಕೆಳಗೆ ಆಯ್ಕೆಯವರು ಕುಳಿತಿದ್ದರು. ಮದರಾಸಿನಿಂದ ಒಬ್ಬ ಅಂಪೈರು ಬಂದಿದ್ದ, ಹಣೆಯ ಮೇಲೆ ನಾಮ, ತಲೆಯ ಮೇಲೆ ಬಿಳಿ ಹ್ಯಾಟು. ಇನ್ನೊಬ್ಬ ಅಂಪೈರು ಕೃಷ್ಣಸ್ವಾಮಿಯವರ ಬೀದಿಯವನೇ.

ಬೆಳಿಗ್ಗೆ ಚೆಲುವರಾಜು ಹಾಕಿದ ಹಾಗೆ ಅವನು ಅದಕ್ಕೆ ಮುಂಚೆ ಎಂದೂ ಹಾಕಿರಲಿಲ್ಲ. ತಂಗಾಳಿಗೆ ಚೆಂಡು ಹೇಳಿದ ಮಾತು ಕೇಳುತ್ತಿತ್ತು. ಬೆಂಗಳೂರಿನವರು ಒಬ್ಬರ ಹಿಂದೊಬ್ಬರು ಬಂದರು, ಗೂಟ ಹಾರಿಸಿಕೊಂಡು ಹೋದರು. ಊಟದ ಹೊತ್ತಿಗೆ ಅರ್ಧ ತಂಡ ಔಟಾಗಿತ್ತು, ಎಲ್ಲವೂ ಇವನದೇ ವಿಕೆಟ್ಟು.

ಊಟ ಕೃಷ್ಣಸ್ವಾಮಿಯವರ ಮನೆಯದು. ಶಾಮಿಯಾನದಲ್ಲಿ ಬಾಳೆಲೆ ಹಾಕಿ ಹುಳಿಯನ್ನ, ಆಂಬೊಡೆ, ಮೊಸರನ್ನ. ಚೆಲುವರಾಜು ಎಂದಿನಂತೆ ಮೈದಾನದ ಅಂಚಿನ ನೇರಳೆ ಮರದ ಕೆಳಗೆ ಕುಳಿತು ದೇವಿರಮ್ಮ ಕಟ್ಟಿಕೊಟ್ಟಿದ್ದ ರಾಗಿ ರೊಟ್ಟಿ ಬಿಚ್ಚಿದ. ಆಯ್ಕೆಯವರಲ್ಲಿ ದೊರೆಸ್ವಾಮಿ ಅಂತ ಒಬ್ಬರು, ಹಿಂದೆ ತಾವೇ ರಾಜ್ಯಕ್ಕೆ ಆಡಿದವರು, ಕೈ ತೊಳೆದುಕೊಂಡು ಮರದ ಹತ್ತಿರಕ್ಕೇ ಬಂದರು. ಚೆಲುವರಾಜು ರೊಟ್ಟಿ ಬಿಟ್ಟು ಎದ್ದು ನಿಂತ.

"ಕೂತ್ಕೊಳಪ್ಪ, ಊಟ ಮಾಡು. ಮಧ್ಯಾಹ್ನಾನೂ ಹೀಗೇ ಹಾಕು. ಸಂಜೆ ನಿನ್ನ ಹೆಸರು ಸೇರಿಸ್ತೀವಿ" ಅಂದರು.

ಆ ರೊಟ್ಟಿ ಅವನಿಗೆ ಗಂಟಲಲ್ಲಿ ಇಳಿಯಲಿಲ್ಲ, ಖುಷಿಗೆ.

ಅದೇ ಹೊತ್ತಿನಲ್ಲಿ ಶಾಮಿಯಾನದ ಹಿಂದೆ ಕೃಷ್ಣಸ್ವಾಮಿಯವರಿಗೆ ಧರ್ಮಸಂಕಟ ಹತ್ತಿಕೊಂಡಿತ್ತು. ಮದರಾಸಿನ ಅಂಪೈರು ಒಳ್ಳೆಯ ಮನೆತನದವನು, ಆಯ್ಕೆಯವರು ದೊಡ್ಡವರು. ಅವರೆಲ್ಲ ತಮ್ಮ ಅತಿಥಿಗಳಾಗಿ ಬಂದು, ಬೆಳಗಿನಿಂದ ನೆಕ್ಕಿಸಿಕೊಂಡ ಚೆಂಡನ್ನು ಮುಟ್ಟುವುದೆಂದರೆ ಪಾಪ ತಮ್ಮ ತಲೆಗೆ ಸುತ್ತಿಕೊಳ್ಳುತ್ತದೆ. ಪ್ರೋಕ್ಷಣೆಗೆ ತಂದಿದ್ದ ಗೋಮೂತ್ರದ ತಂಬಿಗೆ ಊಟದ ಸಾಮಾನಿನ ಜೊತೆಯಲ್ಲೇ ಬಂದಿತ್ತು. ತಮ್ಮ ಬೀದಿಯ ಅಂಪೈರಿನ ಜೇಬಿನಿಂದ ಚೆಂಡು ತರಿಸಿದರು. ಈ ದಿನದ ಎಂಜಲಿಗೆ ಒಂದೆರಡು ಹನಿ ಸಾಲದು ಅನ್ನಿಸಿತು. ಮುಳುಗಿಸಿದರು. ಮೇಲಕ್ಕೆತ್ತಿ, ಏನೋ ಹೇಳಿಕೊಂಡು, ಮತ್ತೆ ಮುಳುಗಿಸಿದರು. ಆಮೇಲೆ ಪಂಚೆಯ ಅಂಚಿನಲ್ಲಿ ಒರೆಸಿ ವಾಪಸು ಕಳಿಸಿದರು. ತಂಬಿಗೆ ಹಿಡಿದು ನಿಂತಿದ್ದವನು ಷಡಕ್ಷರಿ, ತಂಡದ ಹನ್ನೆರಡನೇ ಆಟಗಾರ. ಪ್ರಾಯದ ಹುಡುಗನೇನಲ್ಲ, ಹೈಸ್ಕೂಲು ಮೇಷ್ಟರು, ಮಕ್ಕಳಿಗೆ ಸತ್ಯ ಹೇಳಬೇಕೆಂದು ಪಾಠ ಮಾಡುವವನು.

ಊಟವಾಗಿ ಆಟ ಶುರುವಾಯಿತು. ಚೆಂಡು ಉರುಳಿಕೊಂಡು ಬಂತು. ಚೆಲುವರಾಜು ಬಗ್ಗಿ ಎತ್ತಿಕೊಂಡ. ಎತ್ತಿದ ಕೂಡಲೇ ಮೂಗಿಗೆ ಬಡಿಯಿತು. ಹಟ್ಟಿಯಲ್ಲಿ ಹುಟ್ಟಿ ಬೆಳೆದವನಿಗೆ ಗಂಜಲದ ವಾಸನೆ ಹೊಸದೂ ಅಲ್ಲ, ಹೇಸಿಗೆಯೂ ಅಲ್ಲ. ಆದರೆ ಹಟ್ಟಿಯ ಗಂಜಲ ನೆಲಕ್ಕೆ ಇಳಿಯುವಂಥದ್ದು, ಬಾಯಿಗೆ ಹೋಗುವಂಥದ್ದಲ್ಲ. ಚೆಂಡು ಭಾರವಾಗಿತ್ತು, ಹೊಲಿಗೆ ಉಬ್ಬಿತ್ತು, ಒತ್ತಿದರೆ ಬೆರಳಿಗೆ ತೇವ ಹತ್ತುತ್ತಿತ್ತು.

"ಸ್ವಾಮಿ, ಚೆಂಡು ನೆಂದ್ಬುಟ್ಟದೆ" ಅಂದ ಬಿಂದುಮಾಧವನಿಗೆ.

"ಹಾಕ್ತಾ ಹಾಕ್ತಾ ಒಣಗುತ್ತೆ. ಹಾಕಯ್ಯ, ಎಲ್ಲರೂ ನೋಡ್ತಿದಾರೆ."

ಬಿಂದುಮಾಧವನಿಗೂ ವಾಸನೆ ಬಂದಿತ್ತು. ಮಾವನ ಕೆಲಸ ಅಂತ ಅವನಿಗೆ ಆ ಕ್ಷಣವೇ ಹೊಳೆಯಿತು. ಬಾಯಿಗೆ ಬೀಗ ಹಾಕಿಕೊಂಡು ಗೂಟಗಳ ಹಿಂದೆ ಹೋಗಿ ಕುಕ್ಕರಿಸಿದ.

ಮೊದಲನೇ ಚೆಂಡನ್ನು ಚೆಲುವರಾಜು ಹಾಗೆಯೇ ಹಾಕಿದ. ಅದು ತಿರುಗಲಿಲ್ಲ, ಹಲಗೆಯ ಮೇಲೆ ಉರುಳಿಸಿದ ಹಾಗೆ ನೆಟ್ಟಗೆ ಹೋಯಿತು. ಬ್ಯಾಟ್ಸ್‌ಮನ್ ಆರಾಮಾಗಿ ಬೌಂಡರಿಗೆ ಅಟ್ಟಿದ. ಎರಡನೆಯದನ್ನೂ ಅಟ್ಟಿದ. ಶಾಮಿಯಾನದಲ್ಲಿ ದೊರೆಸ್ವಾಮಿಯವರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದ್ದು ಚೆಲುವರಾಜುವಿಗೆ ಕಾಣಿಸಿತು. ಸಂಜೆಯೊಳಗೆ ಹೆಸರು ಸೇರಬೇಕು. ಸೇರದೆ ಹೋದರೆ ಮುಂದಿನ ವರ್ಷ ಕೈ ಹೀಗೇ ಇರುತ್ತದೆ ಅಂತ ಯಾರು ಕಂಡವರು? ಅವನು ಎಂದಿನಂತೆ ಬೆನ್ನು ತಿರುಗಿಸಿ ನಡೆದ. ಚೆಂಡನ್ನು ಬಾಯಿಯ ಹತ್ತಿರ ತಂದ. ಒಂದು ಗಳಿಗೆ ಹಾಗೇ ಹಿಡಿದುಕೊಂಡ.

ನೆಕ್ಕಿದ.

ಉಪ್ಪು, ಒಗರು, ಕೊಳೆತ ಚರ್ಮದ ರುಚಿ, ಎಲ್ಲ ಒಟ್ಟಿಗೆ ನಾಲಗೆಗೆ ಹತ್ತಿತು. ತೊಡೆಗೆ ತಿಕ್ಕಿದ, ಓಡಿಬಂದು ಹಾಕಿದ. ತಿರುಗಲಿಲ್ಲ. ಮತ್ತೆ ನೆಕ್ಕಿದ, ಈ ಸಲ ಅಗಲವಾಗಿ, ಆಸೆಬುರುಕ ನಾಯಿಯ ಹಾಗೆ. ತಿರುಗಲಿಲ್ಲ. ನೆಂದ ಚರ್ಮಕ್ಕೆ ಎಷ್ಟು ಉಗುಳಿದರೆ ಏನು ಬಂತು? ಆ ಓವರಿನಲ್ಲಿ ಉಳಿದ ಚೆಂಡುಗಳಿಗೆಲ್ಲ ಅವನು ನೆಕ್ಕಿದ. ಥೂ, ಹೇಳುವುದಕ್ಕೇ ಬಾಯಿ ಕಹಿಯಾಗುತ್ತದೆ.

ಕೊನೆಯ ಚೆಂಡನ್ನು ಬಾರಿಸಿದಾಗ ಬ್ಯಾಟ್ಸ್‌ಮನ್ನಿನ ಕೆನ್ನೆಗೆ ಹನಿ ಸಿಡಿಯಿತು. ಅವನು ಒರೆಸಿಕೊಂಡು, ಮೂಸಿ ನೋಡಿ, ಮುಖ ಸಿಂಡರಿಸಿ ಮದರಾಸಿನ ಅಂಪೈರಿಗೆ ದೂರು ಕೊಟ್ಟ. ಅಂಪೈರು ಚೆಂಡು ತರಿಸಿಕೊಂಡು ಒತ್ತಿ ನೋಡಿದ, ಮೂಸಿದ. ಅವನ ಹುಬ್ಬು ಮೇಲೇರಿತು. ಸೀದಾ ಬಿಂದುಮಾಧವನ ಹತ್ತಿರ ಬಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದ. ಬಿಂದುಮಾಧವನ ಮನೆಮಾತೂ ತಮಿಳೇ. ಐದು ವರ್ಷ ಅವರ ಅಚ್ಚುಕೂಟದಲ್ಲಿ ಹೊರೆ ಹೊತ್ತ ಚೆಲುವರಾಜುವಿಗೆ ಆ ಮಾತು ಆಡಲು ಬರುತ್ತಿರಲಿಲ್ಲ, ಅರ್ಥವಾಗುತ್ತಿತ್ತು. ಅವನು ಅಲ್ಲೇ ನಿಂತಿದ್ದಾನೆ ಅನ್ನುವುದನ್ನು ಅವರಿಬ್ಬರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಇದು ಗೋಮೂತ್ರವಲ್ಲವೇ ಅಂತ ಅಂಪೈರು ಕೇಳಿದ. ಹೌದು, ಈ ಬೌಲರ್ ಎಂಜಲು ಹಚ್ಚುತ್ತಾನೆ, ಮಾವನವರು ಶುದ್ಧಿಗೆಂದು ಸ್ವಲ್ಪ ಹೆಚ್ಚಾಗಿ ಮಾಡಿಬಿಟ್ಟಿದ್ದಾರೆ ಅಂದ ಬಿಂದುಮಾಧವ. ಅಂಪೈರಿಗೆ ಸಿಟ್ಟು ಬರಲಿಲ್ಲ, ನಗುವೂ ಬರಲಿಲ್ಲ. ಹಿರಿಯರು ಮಾಡುವುದು ಸರಿಯೇ, ನಮ್ಮ ಮನೆಯಲ್ಲೂ ಹಾಗೆಯೇ ಮಾಡುತ್ತಿದ್ದರು ಅಂತ ತಲೆದೂಗಿದ. ಆದರೆ ಬೆಂಗಳೂರಿನವರು ಸುಮ್ಮನೆ ಬಿಡುವುದಿಲ್ಲ, ಪತ್ರಿಕೆಗೆ ಹೋದರೆ ನಿಮ್ಮ ಮನೆತನದ ಮಾನ ಹರಾಜಾಗುತ್ತದೆ ಅಂದ. ಆಮೇಲೆ ಅಂಪೈರೇ ದಾರಿ ತೋರಿಸಿದ. ಬೌಲರ್ ಚೆಂಡನ್ನು ಒದ್ದೆ ಮಾಡಿದ ಅಂದುಬಿಟ್ಟರೆ ಒಬ್ಬನ ತಲೆಗೇ ಮುಗಿಯುತ್ತದೆ.

ಅಂದರೆ ಗೊತ್ತಾಗಲಿಲ್ಲ ಅಂತ ಅಲ್ಲ. ಮೂಸಿದ ಕ್ಷಣವೇ ಎಲ್ಲ ಗೊತ್ತಾಯಿತು. ಗೊತ್ತಾದ್ದರಿಂದಲೇ ಹೀಗೆ ಮಾಡಿದರು.

ಆಟ ನಿಲ್ಲಿಸಿ ಎಲ್ಲರೂ ಶಾಮಿಯಾನಕ್ಕೆ ಬಂದರು. ಚೆಂಡು ಒದ್ದೆ ಮಾಡಿದ್ದು ಬೌಲರೇ ಅಂತ ಅಂಪೈರು ಹೇಳಿದ. ದೊರೆಸ್ವಾಮಿಯವರು ಚೆಂಡನ್ನು ಎರಡು ಬೆರಳಲ್ಲಿ ಹಿಡಿದು ಚೆಲುವರಾಜುವನ್ನು ಕೇಳಿದರು.

"ಏನಪ್ಪ ಹಚ್ಚಿದೆ ಇದಕ್ಕೆ?"

"ನಾನ್ ಹಚ್ಚಿದ್ದು ಬರೀ ಉಗುಳು ಸ್ವಾಮಿ. ಗಂಜಲ ಯಜಮಾನ್ರು ಅದ್ದಿದ್ದು."

ಬೆಂಗಳೂರಿನ ಆಟಗಾರರಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊರೆಸ್ವಾಮಿಯವರು ಕೃಷ್ಣಸ್ವಾಮಿಯವರ ಕಡೆ ತಿರುಗಿದರು. ಬಿಳಿ ಪಂಚೆ, ಜರಿಯ ಅಂಚಿನ ಶಲ್ಯ, ಅರಮನೆಯ ಪದಕ. ಅವರು ಒಂದು ಚೂರೂ ಅಳುಕಲಿಲ್ಲ.

"ಊಟದ ಸಾಮಾನಿನ ಹತ್ರ ನಮ್ಮ ದೇವರ ತಂಬಿಗೆ ಇತ್ತು. ಇವನೇ ಬಂದು ಅದ್ದಿರ್ಬೇಕು. ಇಂಥವರನ್ನ ಹತ್ರ ಸೇರಿಸಿದ್ದು ನಮ್ಮದೇ ತಪ್ಪು."

"ಷಡಕ್ಷರಿ ಮೇಷ್ಟ್ರೇ, ತಂಬಿಗೆ ಹಿಡ್ಕಂಡಿದ್ದವರು ನೀವಲ್ವಾ? ನೀವೇ ಹೇಳಿ" ಅಂದ ಚೆಲುವರಾಜು.

ಕೃಷ್ಣಸ್ವಾಮಿಯವರು ಪ್ರೋಕ್ಷಣೆಗೆ ಹೋಗುವಾಗ ತಂಬಿಗೆ ಎತ್ತಿಕೊಳ್ಳುವವನು ಷಡಕ್ಷರಿಯೇ ಅಂತ ತಂಡಕ್ಕೆಲ್ಲ ಗೊತ್ತಿತ್ತು. ಷಡಕ್ಷರಿ ಕನ್ನಡಕ ತೆಗೆದು ಒರೆಸಿಕೊಂಡ. ತಾನು ಮೊಸರನ್ನ ಬಡಿಸಿಕೊಳ್ಳುತ್ತಿದ್ದೆ, ಏನೂ ನೋಡಲಿಲ್ಲ ಅಂದ. ಮೊಸರನ್ನವಂತೆ.

ದೊರೆಸ್ವಾಮಿಯವರು ಕೆಟ್ಟವರಲ್ಲ. ಅವರು ಚೆಲುವರಾಜುವಿನ ಮುಖವನ್ನು ಬಹಳ ಹೊತ್ತು ನೋಡಿದರು. ನಂಬಿದರೋ ಬಿಟ್ಟರೋ ದೇವರಿಗೇ ಗೊತ್ತು. ಅಂಪೈರೇ ಬೌಲರಿನ ತಪ್ಪು ಅಂದ ಮೇಲೆ ತಮ್ಮ ಕೈಯಲ್ಲಿ ಏನೂ ಇಲ್ಲ ಅಂದರು. ಸಂಜೆ ಓದಿದ ಹೆಸರುಗಳಲ್ಲಿ ಬಿಂದುಮಾಧವನದಿತ್ತು, ಕೀಪರ್ ಅಂತ. ಚೆಲುವರಾಜುವಿನದಿರಲಿಲ್ಲ.

ಮನೆಗೆ ಬಂದವನು ಹೆಂಡತಿಗೆ, ತಗೊಳ್ಳಲಿಲ್ಲ ಅಂತ ಮಾತ್ರ ಹೇಳಿದ. ಬಚ್ಚಲಲ್ಲಿ ಕುಳಿತು ಉಪ್ಪು, ಇದ್ದಿಲು ಸೇರಿಸಿ ನಾಲಗೆ ಉಜ್ಜಿದ, ರಕ್ತ ಬರುವ ತನಕ. ತಟ್ಟೆಯ ಮುಂದೆ ಕುಳಿತರೆ ಓಕರಿಕೆ. ಮುದ್ದೆ ಬಾಯಿಗೆ ಹತ್ತಿರ ಬಂದರೆ ಚೆಂಡು ಬಂದ ಹಾಗಾಗುತ್ತಿತ್ತು. ದೇವಿರಮ್ಮ ಬೇಸರಕ್ಕೆ ಹೀಗಾಗಿದೆ ಅಂದುಕೊಂಡು ಮಜ್ಜಿಗೆ ಕೊಟ್ಟಳು, ಮೆಣಸಿನ ಸಾರು ಕೊಟ್ಟಳು. ಅವಳಿಗೆ ಯಾವ ಬಾಯಿಂದ ಹೇಳಿಯಾನು? ಹೇಳಲಿಲ್ಲ.

ಹೇಳಿದವನು ಬಿಂದುಮಾಧವ. ಆ ವಾರದಲ್ಲೇ ಒಂದು ಸಂಜೆ ಒಂಟಿಕೊಪ್ಪಲಿಗೆ ಕಾರಿನಲ್ಲಿ ಬಂದ. ಐದು ವರ್ಷದಲ್ಲಿ ಅವನು ಆ ಮನೆಯ ಬಾಗಿಲಿಗೆ ಬಂದದ್ದು ಅದೇ ಮೊದಲು. ಒಳಗೆ ಬರಲಿಲ್ಲ, ಹೊಸಿಲಾಚೆ ನಿಂತ.

"ಭಾನುವಾರ ನಂಜನಗೂಡಿನವರ ಮೇಲೆ ಆಟ ಇದೆ. ಕಪ್ಪಿನ ಆಟ. ಬಂದ್ಬಿಡು" ಅಂದ. ಚೆಲುವರಾಜು ತಲೆ ಎತ್ತಲಿಲ್ಲ. ಅದನ್ನು ನೋಡಿ ಬಿಂದುಮಾಧವ ದನಿ ಇಳಿಸಿದ. "ಆಗಿದ್ದು ಆಯ್ತು, ಮನಸ್ಸಲ್ಲಿ ಇಟ್ಕೋಬೇಡ. ಮಾವನವರೂ ನಿನ್ನ ಕೆಲಸಕ್ಕೇನೂ ತೊಂದ್ರೆ ಮಾಡಲ್ಲ ಅಂದಿದಾರೆ. ಇನ್ನು ಗೋಮೂತ್ರ ಬಾಯಿಗೆ ಹೋಯ್ತು ಅಂತೀಯಾ, ಅದು ಪವಿತ್ರವಾದ್ದೇ. ನಿನಗೆ ಒಳ್ಳೇದೇ ಆಯ್ತು ಅಂದ್ಕೊ."

ಒಲೆಯ ಮುಂದಿದ್ದ ದೇವಿರಮ್ಮ ಎದ್ದು ಬಂದಳು. ಬಿಂದುಮಾಧವನ ಕಡೆ ನೋಡಲಿಲ್ಲ, ಗಂಡನನ್ನೇ ಕೇಳಿದಳು.

"ಗಂಜಲ ಮೆತ್ತಿದ್ ಚೆಂಡ ನೆಕ್ಕಿದ್ರಾ?"

"ನೆಕ್ದೆ."

"ಗೊತ್ತಿದ್ದೇ?"

"ಗೊತ್ತಿದ್ದೇ."

"ಅವರು ಅದ್ದಿದ್ದು ಅವರ ಯೋಗ್ಯತೆ. ನೀವು ಯಾಕ್ ನೆಕ್ಕಿದ್ರಿ?"

"ತಂಡಕ್ಕೆ ಸೇರಿಸ್ಕತಾರೆ ಅಂತ" ಅಂದ ಚೆಲುವರಾಜು.

ಬಿಂದುಮಾಧವ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ, ಭಾನುವಾರ ಹೊತ್ತಿಗೆ ಸರಿಯಾಗಿ ಬರಬೇಕು ಅಂತ ಹೇಳಿ ಹೊರಟುಹೋದ. ದೇವಿರಮ್ಮ ಒಲೆಯ ಮುಂದಕ್ಕೆ ವಾಪಸು ಹೋದಳು. ಅವಳ ಮುಖದಲ್ಲಿದ್ದದ್ದು ಕೋಪವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅದು ಅಸಹ್ಯ, ಗಂಡನ ಮೇಲಿನ ಅಸಹ್ಯ. ಮೈದಾನದಲ್ಲಿ ಅಷ್ಟು ವರ್ಷ ಅದೇ ಮುಖವನ್ನು ಬೇರೆಯವರಲ್ಲಿ ಕಂಡವನಿಗೆ ಗುರುತು ಸಿಗದೆ ಇರುತ್ತದೆಯೇ.

ಭಾನುವಾರ ಅವನು ಹೋದ. ಹೋಗದಿದ್ದರೆ ಸೋಮವಾರದ ಕೆಲಸವಿಲ್ಲ, ಕೋಣೆಯ ಬಾಡಿಗೆಯಿಲ್ಲ. ನಂಜನಗೂಡಿನವರು ದೊಡ್ಡ ಆಟಗಾರರೇನಲ್ಲ, ಆದರೆ ಆವತ್ತು ಅವರಿಗೆ ಹಬ್ಬ. ಚೆಲುವರಾಜುವಿನ ಚೆಂಡು ಒಂದಾದರೂ ತಿರುಗಲಿಲ್ಲ. ಅವನು ಹಿಂದಕ್ಕೆ ನಡೆಯುತ್ತಾನೆ, ಚೆಂಡನ್ನು ಬಾಯಿಯ ಹತ್ತಿರ ತರುತ್ತಾನೆ, ಅಷ್ಟರಲ್ಲೇ ಹೊಟ್ಟೆಯೊಳಗಿನಿಂದ ಎದ್ದು ಬರುತ್ತದೆ. ಮೂಸಿ ನೋಡಿದ, ಬೇರೆಯೇ ಚೆಂಡು, ಯಾವ ವಾಸನೆಯೂ ಇಲ್ಲ. ಆದರೂ ನಾಲಗೆ ಮುಂದೆ ಬರಲೊಲ್ಲದು. ಬಾಯಿ ಬೂದಿಯ ಹಾಗೆ ಒಣಗಿತ್ತು.

ಬೌಂಡರಿಗಳ ಮೇಲೆ ಬೌಂಡರಿ ಹೋದವು. ಕಪ್ಪು ಕೈತಪ್ಪುವುದು ಕಣ್ಣಿಗೆ ಕಾಣುತ್ತಿತ್ತು. ಗೂಟಗಳ ಹಿಂದಿನಿಂದ ಬಿಂದುಮಾಧವ ಚಾಪೆಯುದ್ದಕ್ಕೂ ನಡೆದು ಬಂದ. ಫೀಲ್ಡರುಗಳೂ ಹತ್ತಿರ ಸೇರಿದರು.

"ಯಾಕಯ್ಯ, ಹಚ್ತಾ ಇಲ್ವಾ?"

"ಆಯ್ತಿಲ್ಲ ಸ್ವಾಮಿ."

"ಆ ಕಡೆ ತಿರುಗೋದೆಲ್ಲ ಬೇಡ, ಇಲ್ಲೇ ನಮ್ಮೆದುರಿಗೇ ಹಚ್ಚು. ಯಾರೂ ಏನೂ ಅನ್ಕೊಳಲ್ಲ. ಹಚ್ಚಯ್ಯ ಬೇಗ." ಬೇಡಿಕೊಳ್ಳುತ್ತಿದ್ದ, ವಕೀಲ ಬಿಂದುಮಾಧವ. ಯಾವ ಉಗುಳಿಗೆ ಅವರ ಮನೆಯಲ್ಲಿ ಸ್ನಾನವಿತ್ತೋ ಆ ಉಗುಳಿಗೆ ನಡು ಮೈದಾನದಲ್ಲಿ ಕೈ ಒಡ್ಡಿದ್ದ.

ಚೆಲುವರಾಜು ಇನ್ನೊಂದು ಸಲ ಪ್ರಯತ್ನಪಟ್ಟ, ಅದು ಸುಳ್ಳಲ್ಲ. ಚೆಂಡು ತುಟಿಗೆ ತಾಗಿತು. ಅಷ್ಟೆ, ಮುಂದೆ ಆಗಲಿಲ್ಲ. ಚೆಂಡನ್ನು ತೊಡೆಗೆ ಒರೆಸಿ, ಕೈ ಮುಂದೆ ಚಾಚಿದ.

"ನನ್ ಬಾಯಲ್ಲಿ ಏನೂ ಉಳಿದಿಲ್ಲ ಸ್ವಾಮಿ. ಆಟ ಗೆಲ್ಬೇಕಲ್ಲ. ನೀವೇ ಒಂದ್ಸಲ ನೆಕ್ಕಿಕೊಡಿ."

ಅಣಕಿಸುತ್ತಿರಲಿಲ್ಲ ಅವನು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಬಿಂದುಮಾಧವ ಸುತ್ತ ನಿಂತವರನ್ನು ನೋಡಿದ. ಸ್ಲಿಪ್ಪಿನವನು ಒಂದು ಹೆಜ್ಜೆ ಹಿಂದೆ ಸರಿದ. ಷಡಕ್ಷರಿ ಆವತ್ತು ಆಡುವ ಹನ್ನೊಂದರಲ್ಲಿದ್ದ, ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದವನು ಏಳಲೇ ಇಲ್ಲ. ಶಾಮಿಯಾನದಿಂದ ಕೃಷ್ಣಸ್ವಾಮಿಯವರು ಆಟ ಯಾಕೆ ನಿಂತಿದೆ ಅಂತ ಕೂಗಿ ಕೇಳಿದರು.

"ನಿಮ್ ಉಗುಳಿಗೆ ಮೈಲಿಗೆ ಇಲ್ಲ ಸ್ವಾಮಿ. ನಿಮ್ದಾದ್ರೆ ಎಲ್ರೂ ಮುಟ್ತಾರೆ" ಅಂದ ಚೆಲುವರಾಜು, ಕೈ ಇನ್ನೂ ಚಾಚಿಕೊಂಡೇ.

ಬಿಂದುಮಾಧವ ಗ್ಲೌಸು ಹಾಕಿದ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ. ಚೆಲುವರಾಜು ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಚೆಂಡನ್ನು ಚಾಪೆಯ ಮೇಲೆ ಇಟ್ಟು, ಒಂಟಿಕೊಪ್ಪಲಿನ ಕಡೆ ನಡೆದ. ಅವನು ಮತ್ತೆ ಯಾರಿಗೂ ಬೌಲ್ ಮಾಡಲಿಲ್ಲ.